ಕುದುರೆಮುಖ: ಗಣಿ ನಿಂತು ಎರಡು ದಶಕ, ಬಿಟ್ಟುಹೋದ ಕೆಸರು ಯಾರ ಲೆಕ್ಕಕ್ಕೆ?

ಇನ್‌ಸ್ಟಾಗ್ರಾಮ್‌ನಲ್ಲಿ ಕುದುರೆಮುಖ ಅಂತ ಹುಡುಕಿ ನೋಡಿ. ಹಸಿರು ಗುಡ್ಡ, ಓಡುವ ಮಂಜು, ಬಣ್ಣಬಣ್ಣದ ರೇನ್‌ಕೋಟು, ಹಿನ್ನೆಲೆಗೆ ಒಂದು ಸಿನಿಮಾ ಹಾಡು. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಶನಿವಾರ ಬೆಟ್ಟ ಹತ್ತಿ, ಸೋಮವಾರ ಬೆಳಗ್ಗೆ ಆಫೀಸಿಗೆ ಬಂದು ಕೂರುವ ಸಾವಿರಾರು ಯುವಕ ಯುವತಿಯರಿಗೆ ಕುದುರೆಮುಖ ಅಂದರೆ ಇಷ್ಟೇ. ಮನುಷ್ಯರ ಕೈ ಸೋಕದ ಕಾಡು ಅಂತಲೇ ಎಷ್ಟೋ ಜನ ಕ್ಯಾಪ್ಷನ್ ಬರೆಯುತ್ತಾರೆ.

ಕೈ ಸೋಕದ್ದೇ? ಇದೇ ಬೆಟ್ಟಸಾಲಿನ ಒಂದು ಭಾಗವನ್ನು 25 ವರ್ಷ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಅರೆದು, ನೀರಿನಲ್ಲಿ ಕಲಸಿ ಪೈಪಿನಲ್ಲಿ ಮಂಗಳೂರಿಗೆ ಹರಿಸಲಾಗಿದೆ. ಅದಕ್ಕಾಗಿ ಕಟ್ಟಿದ ಊರು ಈಗ ಬಹುಪಾಲು ಖಾಲಿ. ಅರೆದು ಉಳಿದ ಕೆಸರು ಒಂದು ದೊಡ್ಡ ಅಣೆಕಟ್ಟಿನ ಹಿಂದೆ ಇವತ್ತಿಗೂ ಕೂತಿದೆ. ಕಂಪನಿ ಬರುವ ಎಷ್ಟೋ ಮುಂಚಿನಿಂದ ಅಲ್ಲಿರುವ ಕುಟುಂಬಗಳು ಮಾತ್ರ ತಮ್ಮ ಜಮೀನಿನ ಹಕ್ಕುಪತ್ರಕ್ಕಾಗಿ ಇನ್ನೂ ಕಚೇರಿ ಅಲೆಯುತ್ತಿವೆ.

ಕುದುರೆಮುಖದ ಕಥೆಯನ್ನು ಪರಿಸರ ಚಳವಳಿ ಗೆದ್ದ ಕಥೆ ಅಂತ ಹೇಳುವುದು ವಾಡಿಕೆ. ಗೆದ್ದಿದ್ದು ನಿಜ. ಆದರೆ ಗಣಿ ನಿಲ್ಲಿಸುವುದು ಬೇರೆ, ಗಣಿಯ ಲೆಕ್ಕ ಚುಕ್ತಾ ಮಾಡುವುದು ಬೇರೆ. ಸಂಡೂರಿನ ಬೆಟ್ಟಗಳ ಮೇಲೆ ಮತ್ತದೇ ಕಂಪನಿಯ ಹೆಸರು ಕೇಳಿಬಂದಿರುವಾಗ ಈ ವ್ಯತ್ಯಾಸ ತಿಳಿದುಕೊಳ್ಳುವುದು ಮುಖ್ಯ.

ಇರಾನಿನ ದುಡ್ಡು, ಮಲೆನಾಡಿನ ಕಲ್ಲು

ಚಿಕ್ಕಮಗಳೂರು ಜಿಲ್ಲೆಯ ಈ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿದೆ ಅಂತ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ 1913ರಲ್ಲೇ ಗುರುತಿಸಿದ್ದರು. ಆದರೆ ಅದು ಮ್ಯಾಗ್ನೆಟೈಟ್ ಎಂಬ ಬಗೆಯ, ಕಡಿಮೆ ದರ್ಜೆಯ ಅದಿರು. ಅದರಲ್ಲಿ ಕಬ್ಬಿಣದ ಅಂಶ ಶೇ. 38ರ ಆಸುಪಾಸು. ಬಳ್ಳಾರಿಯ ಅದಿರಿನಂತೆ ಅಗೆದು ಲಾರಿಗೆ ತುಂಬಿ ಕಳಿಸಿದರೆ ಕೊಳ್ಳುವವರಿಲ್ಲ. ಕಲ್ಲನ್ನು ಹಿಟ್ಟಿನಂತೆ ಅರೆದು, ಅಯಸ್ಕಾಂತದಿಂದ ಕಬ್ಬಿಣದ ಪುಡಿಯನ್ನು ಬೇರ್ಪಡಿಸಿ, ಶೇ. 67ರಷ್ಟು ಕಬ್ಬಿಣವಿರುವ ಸಾಂದ್ರ ಅದಿರು ಮಾಡಬೇಕು. ಇದಕ್ಕೆ ಭಾರಿ ಯಂತ್ರ, ವಿಪರೀತ ನೀರು, ಭಾರಿ ದುಡ್ಡು ಬೇಕು. ಹಾಗಾಗಿ ಐದಾರು ದಶಕ ಆ ಬೆಟ್ಟ ಹಾಗೇ ಉಳಿಯಿತು.

ದುಡ್ಡು ಬಂದಿದ್ದು ಇರಾನಿನಿಂದ. ಆಗ ಅಲ್ಲಿ ಶಾ ಆಳ್ವಿಕೆ. ತೈಲ ಬೆಲೆ ಏರಿ ಇರಾನಿನ ಬೊಕ್ಕಸ ತುಂಬಿತ್ತು, ತನ್ನ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕಿತ್ತು. 1975ರ ನವೆಂಬರ್‌ನಲ್ಲಿ ಒಪ್ಪಂದವಾಯಿತು: ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು, ಪ್ರತಿಯಾಗಿ ಭಾರತ ಎರಡು ದಶಕಗಳಲ್ಲಿ 15 ಕೋಟಿ ಟನ್ ಸಾಂದ್ರ ಅದಿರು ಕಳಿಸುವುದು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ, ಅಂದರೆ ಇವತ್ತಿನ ಕೆಐಒಸಿಎಲ್, ಹುಟ್ಟಿತು.

ದಿನಾಂಕಗಳನ್ನು ಗಮನಿಸಿ. ಒಪ್ಪಂದ, ಕಂಪನಿ ಸ್ಥಾಪನೆ ಎರಡೂ ನಡೆದಿದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ. ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು, ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದರು. ಕೇಂದ್ರದ ಪರಿಸರ ಸಂರಕ್ಷಣಾ ಕಾಯ್ದೆ ಬಂದಿದ್ದು 1986ರಲ್ಲಿ. ಆಗ ಅದೂ ಇರಲಿಲ್ಲ. ಭದ್ರಾ ನದಿ ಹರಿಯುವ ಕಣಿವೆಯಲ್ಲೇ ಇಷ್ಟು ದೊಡ್ಡ ಗಣಿ ಬೇಕಾ ಅಂತ ಬೀದಿಯಲ್ಲಿ ನಿಂತು ಕೇಳುವ ಕಾಲ ಅದಾಗಿರಲಿಲ್ಲ.

1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು, ಶಾ ದೇಶ ಬಿಟ್ಟ. ಹೊಸ ಸರ್ಕಾರ ಸಾಲದ ಉಳಿದ ಕಂತು ಕೊಡಲಿಲ್ಲ, ಅದಿರನ್ನೂ ಒಯ್ಯಲಿಲ್ಲ. ಅಷ್ಟರಲ್ಲಿ ಬೆಟ್ಟದಲ್ಲಿ ಕಾರ್ಖಾನೆ ಮೇಲೆದ್ದಾಗಿತ್ತು. ಭಾರತ ಸರ್ಕಾರವೇ ಉಳಿದ ಹಣ ಹಾಕಿ 1980ರಲ್ಲಿ ಅದನ್ನು ಪೂರ್ಣಗೊಳಿಸಿತು. ವರ್ಷಕ್ಕೆ 75 ಲಕ್ಷ ಟನ್ ಸಾಮರ್ಥ್ಯದ ಗಣಿ ಸಿದ್ಧವಿತ್ತು, ಗಿರಾಕಿ ಇರಲಿಲ್ಲ. ಬೇರೆ ದೇಶಗಳಲ್ಲಿ ಗಿರಾಕಿ ಹುಡುಕಿ, 1987ರಲ್ಲಿ ಮಂಗಳೂರಿನ ಪಣಂಬೂರಿನಲ್ಲಿ ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಪೆಲೆಟ್ ಘಟಕ ಶುರುವಾದ ಮೇಲೆ ಕಂಪನಿ ಚೇತರಿಸಿಕೊಂಡಿತು.

ಕಂಪನಿ ಕಟ್ಟಿದ ಊರು

ಮಲ್ಲೇಶ್ವರ ಎಂಬ ಹೆಸರಿನ ಜಾಗದಲ್ಲಿ ಕುದುರೆಮುಖ ಟೌನ್‌ಶಿಪ್ ಎದ್ದಿತು. ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಮಾರುಕಟ್ಟೆ, ಆಟದ ಮೈದಾನ. ವರ್ಷಕ್ಕೆ 6,000 ಮಿಲಿಮೀಟರ್ ಮೀರಿ ಮಳೆ ಸುರಿಯುವ, ಅಲ್ಲೊಂದು ಇಲ್ಲೊಂದು ಮನೆಯಿದ್ದ ಕಣಿವೆಗೆ ದೇಶದ ನಾನಾ ಕಡೆಯಿಂದ ಎಂಜಿನಿಯರುಗಳು, ಕಾರ್ಮಿಕರು ಬಂದರು. ಕರಾವಳಿ ಮತ್ತು ಮಲೆನಾಡಿನ ಸಾವಿರಾರು ಮನೆಗಳಿಗೆ ಇಲ್ಲಿಂದ ಸಂಬಳ ಹೋಯಿತು. ಒಂದಿಡೀ ತಲೆಮಾರಿನ ಮಕ್ಕಳು ಇಲ್ಲಿ ಹುಟ್ಟಿ, ಓದಿ, ಬೆಳೆದರು. ಅವರಿಗೆ ಕುದುರೆಮುಖ ಅಂದರೆ ಟ್ರೆಕ್ಕೂ ಅಲ್ಲ, ಹೋರಾಟವೂ ಅಲ್ಲ, ಹುಟ್ಟೂರು. ಗಣಿ ವಿರೋಧಿಸುವ ನಾವು ಈ ಮಾತನ್ನು ಮರೆಯಬಾರದು. ಆ ಊರು ಖಾಲಿಯಾದಾಗ ಅವರು ಕಳೆದುಕೊಂಡಿದ್ದೂ ದೊಡ್ಡದೇ.

ಕೆಲಸ ನಡೆಯುತ್ತಿದ್ದ ರೀತಿ ಹೀಗಿತ್ತು. ಬೆಟ್ಟ ಕಡಿದು ತಂದ ಕಲ್ಲನ್ನು ಗಿರಣಿಗಳಲ್ಲಿ ಅರೆಯುತ್ತಿದ್ದರು. ಬೇರ್ಪಟ್ಟ ಪುಡಿಯನ್ನು ನೀರಿನ ಜೊತೆ ಕಲಸಿ 67 ಕಿಲೋಮೀಟರ್ ಉದ್ದದ ಪೈಪ್‌ಲೈನಿನಲ್ಲಿ ಘಟ್ಟ ಇಳಿಸಿ ಮಂಗಳೂರು ಬಂದರಿಗೆ ತಲುಪಿಸುತ್ತಿದ್ದರು. ಆದರೆ ಒಂದು ಟನ್ ಪುಡಿ ಸಿಗಬೇಕಾದರೆ ಅದರ ಎರಡು ಮೂರು ಪಟ್ಟು ಕಲ್ಲು ಅರೆಯಬೇಕು. ಉಳಿದ ನುಣ್ಣನೆ ಕೆಸರು ಎಲ್ಲಿಗೆ ಹೋಗಬೇಕು? ಅದಕ್ಕಾಗಿ ಭದ್ರೆಯ ಉಪನದಿ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಮಣ್ಣಿನ ಅಣೆಕಟ್ಟು ಕಟ್ಟಿದರು. ಕಣಿವೆಯೊಂದು ಕೆಸರಿನ ತೊಟ್ಟಿಯಾಯಿತು.

ಗಣಿ ನಿಂತಿದ್ದು ಹೇಗೆ?

ಈ ಬೆಟ್ಟಗಳ ಮೈಕಟ್ಟು ನೋಡಿದರೆ ಸಮಸ್ಯೆ ಅರ್ಥವಾಗುತ್ತದೆ. ಎತ್ತರದ ಇಳಿಜಾರುಗಳಲ್ಲಿ ಹುಲ್ಲುಗಾವಲು, ಮಡಿಕೆಗಳಲ್ಲಿ ಶೋಲಾ ಕಾಡು. ಮಳೆಗಾಲದಲ್ಲಿ ಬಿದ್ದ ನೀರನ್ನು ಇವೆರಡೂ ಹೀರಿಟ್ಟುಕೊಂಡು ಬೇಸಿಗೆಯಲ್ಲಿ ತೊಟ್ಟು ತೊಟ್ಟಾಗಿ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ನದಿಗಳ ಮೂಲ ಇಲ್ಲಿನ ಗಂಗಾಮೂಲದಲ್ಲಿದೆ. ಹುಲ್ಲಿನ ಹೊದಿಕೆ ಕಿತ್ತು ಬೆಟ್ಟ ಬತ್ತಲು ಮಾಡಿದ ಮೇಲೆ ಅಷ್ಟು ಮಳೆ ಸುರಿದರೆ ಮಣ್ಣು ನಿಲ್ಲುತ್ತದೆಯೇ? ಭದ್ರೆಯ ನೀರು ಮಳೆಗಾಲದಲ್ಲಿ ಕೆಂಪಾಯಿತು. ಜಲಾನಯನ ಪ್ರದೇಶದ ಸಣ್ಣದೊಂದು ಭಾಗವಾದ ಗಣಿಯಿಂದಲೇ ನದಿಯ ಹೂಳಿನ ದೊಡ್ಡ ಪಾಲು ಬರುತ್ತಿದೆ ಎಂದು ವಿಜ್ಞಾನಿಗಳು ಅಳತೆ ಮಾಡಿ ತೋರಿಸಿದರು. ಅದೇ ನದಿಗೆ ಕೆಳಗೆ ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯವಿದೆ. ದಾವಣಗೆರೆಯವರೆಗಿನ ರೈತರ ಗದ್ದೆ, ತೋಟಗಳಿಗೆ ನೀರು ಹೋಗುವುದು ಅಲ್ಲಿಂದ.

ಇನ್ನೊಂದು ಕಡೆ, 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿನ ಸಿಂಗಳೀಕಗಳ ಬಗ್ಗೆ ಅಧ್ಯಯನ ನಡೆಸಿ, ಈ ಕಾಡಿಗೆ ರಕ್ಷಣೆ ಬೇಕು ಎಂದಿದ್ದರು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನ ಮಾಡುವ ಅಧಿಸೂಚನೆ ಹೊರಬಿತ್ತು. ಅಂತಿಮ ಅಧಿಸೂಚನೆ ಬರಲು 2001ರವರೆಗೆ ಕಾಯಬೇಕಾಯಿತು.

ಗಣಿಯ 30 ವರ್ಷದ ಗುತ್ತಿಗೆ 1999ರ ಜುಲೈನಲ್ಲಿ ಮುಗಿದಿತ್ತು. ಆದರೂ ತಾತ್ಕಾಲಿಕ ಅನುಮತಿಗಳ ಮೇಲೆ ಕೆಲಸ ಮುಂದುವರಿಯಿತು. ಸಾಲದ್ದಕ್ಕೆ ಗಂಗಡಿಕಲ್ಲು, ನೆಲ್ಲಿಬೀಡು ಬೆಟ್ಟಗಳನ್ನೂ ಅಗೆಯುವ ಮಾತು ಬಂತು. ಆಗ ತುಂಗಾ ಮೂಲ ಉಳಿಸಿ ಎಂಬ ಹೋರಾಟ ಮಲೆನಾಡಿನ ಊರೂರಿಗೆ ಹಬ್ಬಿತು. ರೈತರು, ಲೇಖಕರು, ವಿದ್ಯಾರ್ಥಿಗಳು ಬೀದಿಗಿಳಿದರು. ಇತ್ತ ಕೆ.ಎಂ. ಚಿಣ್ಣಪ್ಪ ಮತ್ತು ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು: 2005ರ ಕೊನೆಯೊಳಗೆ ಗಣಿ ಮುಚ್ಚಬೇಕು. ಡಿಸೆಂಬರ್ 31ಕ್ಕೆ ಯಂತ್ರಗಳು ನಿಂತವು.

ಕೇಂದ್ರ ಸರ್ಕಾರದ್ದೇ ಲಾಭದಾಯಕ ಕಂಪನಿಯೊಂದರ ಗಣಿಯನ್ನು ಜನರ ಹೋರಾಟ ಮತ್ತು ನ್ಯಾಯಾಲಯ ಸೇರಿ ನಿಲ್ಲಿಸಿದ್ದು ಸಣ್ಣ ವಿಷಯ ಅಲ್ಲ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದರಲ್ಲಿ ಕುದುರೆಮುಖವೂ ಇತ್ತು. ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ.

ಲಕ್ಯಾ: ಯಾರಿಗೂ ಬೇಡದ ಪರಂಪರೆ

ಬೇರೆ ದೇಶಗಳಲ್ಲಿ ಹಳೆಯ ಗಣಿ ಪಟ್ಟಣಗಳು ಮ್ಯೂಸಿಯಂ ಮಾಡಿಕೊಂಡಿವೆ. ಪ್ರವಾಸಿಗರು ಹೆಲ್ಮೆಟ್ ಹಾಕಿಕೊಂಡು ಸುರಂಗ ನೋಡುತ್ತಾರೆ, ಗಣಿ ರೈಲಿನಲ್ಲಿ ಸುತ್ತುತ್ತಾರೆ. ಕುದುರೆಮುಖದ ಗಣಿ ಪರಂಪರೆಯ ಅತಿ ದೊಡ್ಡ ಸ್ಮಾರಕ ಅಂದರೆ ಲಕ್ಯಾ ಅಣೆಕಟ್ಟು. ಅದರ ಹಿಂದೆ ಕೋಟ್ಯಂತರ ಟನ್ ಕೆಸರಿದೆ. ಅದು ಕರಗುವುದಿಲ್ಲ, ಆವಿಯಾಗುವುದಿಲ್ಲ. ಕಂಪನಿಯ ಆಯುಷ್ಯ ಮುಗಿದ ಮೇಲೂ, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅದು ಅಲ್ಲೇ ಇರುತ್ತದೆ. ಪ್ರತಿ ಮಳೆಗಾಲ ಅದನ್ನು ಯಾರಾದರೂ ಕಾಯಲೇಬೇಕು.

ಗಣಿ ನಿಂತಮೇಲೆ ಅಪಾಯವೂ ನಿಂತಿತು ಅಂದುಕೊಳ್ಳುವ ಹಾಗಿಲ್ಲ. 2019ರ ಜನವರಿಯಲ್ಲಿ ಬ್ರೆಜಿಲ್‌ನ ಬ್ರುಮಾಡಿನ್ಹೋದಲ್ಲಿ ಕಬ್ಬಿಣದ ಗಣಿಯ ಕೆಸರಿನ ಅಣೆಕಟ್ಟು ಒಡೆದು 270 ಜನ ಸತ್ತರು. ಒಡೆದಾಗ ಅದಕ್ಕೆ ಹೊಸ ಕೆಸರು ತುಂಬುವುದನ್ನು ನಿಲ್ಲಿಸಿ ವರ್ಷಗಳಾಗಿದ್ದವು. ಲಕ್ಯಾ ಕೂಡ ಹಾಗೇ ಆಗುತ್ತದೆ ಅಂತ ಹೇಳುತ್ತಿಲ್ಲ; ಎರಡೂ ಅಣೆಕಟ್ಟು ಒಂದೇ ಬಗೆಯವಲ್ಲ. ಹೇಳಬೇಕಾದ್ದು ಇಷ್ಟೇ: ಬಳಕೆಯಲ್ಲಿಲ್ಲದ ಕೆಸರಿನ ಅಣೆಕಟ್ಟಿಗೂ ನಿತ್ಯದ ಕಾವಲು ಬೇಕು, ಅದಕ್ಕೆ ದುಡ್ಡು ಬೇಕು, ಆ ದುಡ್ಡು ಯಾರು ಕೊಡುತ್ತಾರೆ, ತಪಾಸಣೆಯ ವರದಿ ಎಲ್ಲಿದೆ ಎಂಬುದು ಕೆಳಗಿನ ಊರುಗಳವರಿಗೆ ಗೊತ್ತಿರಬೇಕು.

ಕುದುರೆಮುಖದಲ್ಲಿ ಕಂಪನಿ ಅರಣ್ಯ ನಿಯಮ ಉಲ್ಲಂಘಿಸಿದೆ, ಪರಿಹಾರದ ಹಣ ಬಾಕಿ ಇದೆ ಎಂಬುದು ರಾಜ್ಯ ಅರಣ್ಯ ಇಲಾಖೆಯ ವಾದ. ಗಣಿ ಮುಚ್ಚಿ ಎರಡು ದಶಕ ಕಳೆದರೂ ಎರಡು ಸರ್ಕಾರಿ ಸಂಸ್ಥೆಗಳ ನಡುವೆ ಪತ್ರ ಓಡಾಡುತ್ತಿದೆ. ಖಾಸಗಿ ಕಂಪನಿಯಾಗಿದ್ದರೆ ಏನಾಗುತ್ತಿತ್ತು ಅಂತ ನೀವೇ ಊಹಿಸಿ.

ಟಿಕೆಟ್ ಇದ್ದವರು, ಹಕ್ಕುಪತ್ರ ಇಲ್ಲದವರು

ಈಗ ಈ ಬೆಟ್ಟಗಳ ಹೊಸ ಆರ್ಥಿಕತೆ ಪ್ರವಾಸೋದ್ಯಮ. ಸುಮಾರು 1,890 ಮೀಟರ್ ಎತ್ತರದ ಕುದುರೆಮುಖ ಶಿಖರಕ್ಕೆ ಹೋಗುವವರು ಕಳಸ ಸಮೀಪದ ಸಂಸೆ ಕಡೆಯಿಂದ ಜೀಪಿನಲ್ಲಿ ಮುಳ್ಳೋಡಿಗೆ ಹತ್ತಿ, ಅಲ್ಲಿಂದ ನಡೆಯುತ್ತಾರೆ. ಹೋಗಿ ಬರಲು ಸುಮಾರು 20 ಕಿಲೋಮೀಟರ್, ಇಡೀ ದಿನದ ನಡಿಗೆ. ಅದಲ್ಲದೆ ನೇತ್ರಾವತಿ ಶಿಖರ, ಕುರಿಂಜಾಲು, ಗಂಗಡಿಕಲ್ಲು, ನರಸಿಂಹ ಪರ್ವತ ಇವೆ. ಕಾರ್ಕಳದಿಂದ ಬರುವ ಘಟ್ಟದ ರಸ್ತೆಯಲ್ಲಿ ಹನುಮನಗುಂಡಿ, ಕಡಂಬಿ ಜಲಪಾತಗಳಿವೆ. ಹೊರನಾಡು, ಕಳಸದ ದೇವಸ್ಥಾನಗಳಿಗೆ ಬರುವವರ ಸಂಖ್ಯೆ ಬೇರೆ.

ಒಂದು ಕಾಲಕ್ಕೆ ಯಾರು ಬೇಕಾದರೂ ಹತ್ತಬಹುದಿತ್ತು. ವಾರಾಂತ್ಯದ ಜಾತ್ರೆ ಕೈಮೀರಿದ ಮೇಲೆ 2024ರಲ್ಲಿ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ತಂದಿತು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುತ್ತಾರೆ. ಇದು ಬೇಕಿತ್ತು. ಸಾಲುಗಟ್ಟಿ ನಡೆಯುವ ಕಾಲುಗಳ ಕೆಳಗೆ ಹುಲ್ಲು ಸವೆದು, ಮಣ್ಣು ಸಡಿಲಾಗಿ, ಮಳೆಗೆ ಕೊರಕಲು ಬೀಳುತ್ತದೆ. ಗಣಿ ಯಂತ್ರ ಮಾಡಿದ್ದನ್ನೇ ಟ್ರೆಕಿಂಗ್ ಶೂಗಳು ಸಣ್ಣ ಪ್ರಮಾಣದಲ್ಲಿ ಮಾಡುತ್ತವೆ.

ಆದರೆ ಇದೇ ಕಾಡಿನ ಒಳಗೆ ಮತ್ತು ಅಂಚಿನಲ್ಲಿ ಮಲೆಕುಡಿಯರು, ಗೌಡಲು ಮತ್ತಿತರ ಸಮುದಾಯಗಳ ಮನೆಗಳಿವೆ. ಸ್ವಲ್ಪ ಗದ್ದೆ, ಅಡಿಕೆ, ಕಾಫಿ, ಕಾಳುಮೆಣಸು, ಜೇನು, ಸೀಗೆ ಅವರ ಬದುಕು. ರಾಷ್ಟ್ರೀಯ ಉದ್ಯಾನದ ಘೋಷಣೆಯಾದ ಮೇಲೆ ರಸ್ತೆ, ಕರೆಂಟು, ಕಾಲುಸಂಕ, ಏನು ಬೇಕೆಂದರೂ ಅರಣ್ಯ ಕಾನೂನು ಅಡ್ಡ ಬರುತ್ತದೆ. ಗುಡ್ಡ ಅಗೆಯುವ ಕಂಪನಿಗೆ ಗುತ್ತಿಗೆ ಮುಗಿದ ಮೇಲೂ ಅನುಮತಿ ಸಿಕ್ಕ ಕಾಡಿನಲ್ಲೇ, ತಲೆಮಾರುಗಳಿಂದ ಬದುಕಿದವರನ್ನು ಒತ್ತುವರಿದಾರರು ಅಂತ ಕರೆಯಲಾಯಿತು. ಒಕ್ಕಲೆಬ್ಬಿಸುವ ಭಯ, ಪರಿಹಾರದ ಪ್ಯಾಕೇಜು, ಆಮೇಲೆ ಹುಲಿ ಯೋಜನೆಯ ಪ್ರಸ್ತಾವ. ಪ್ರತಿಯೊಂದಕ್ಕೂ ಸ್ಥಳೀಯರು ಬೀದಿಗಿಳಿಯಬೇಕಾಯಿತು.

ಈ ಭಯ ಮತ್ತು ಸಿಟ್ಟಿನ ನಡುವೆಯೇ ನಕ್ಸಲರು ಈ ಕಾಡುಗಳಲ್ಲಿ ನೆಲೆ ಹುಡುಕಿದರು. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಇಬ್ಬರು ಯುವತಿಯರು ಎನ್‌ಕೌಂಟರ್‌ನಲ್ಲಿ ಸತ್ತರು. 2005ರ ಫೆಬ್ರವರಿಯಲ್ಲಿ ಸಾಕೇತ್ ರಾಜನ್, 2024ರ ನವೆಂಬರ್‌ನಲ್ಲಿ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿಯಾದರು. 2025ರ ಜನವರಿಯಲ್ಲಿ ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದರು. ನಡುವೆ ಕಾಡಿನ ಮನೆಗಳು ಎರಡೂ ಕಡೆಯ ಅನುಮಾನಕ್ಕೆ ಸಿಕ್ಕು ನರಳಿದವು. ಬಂದೂಕಿನ ದಾರಿ ಆ ಮನೆಗಳಿಗೆ ಹಕ್ಕುಪತ್ರ ತಂದುಕೊಡಲಿಲ್ಲ. ಕೂಂಬಿಂಗ್ ಕೂಡ ತರಲಿಲ್ಲ.

ತರಬೇಕಾಗಿದ್ದು 2006ರ ಅರಣ್ಯ ಹಕ್ಕು ಕಾಯ್ದೆ. 2005ರ ಡಿಸೆಂಬರ್ 13ಕ್ಕೆ ಮುಂಚೆ ಕಾಡಿನಲ್ಲಿ ವಾಸವಿದ್ದ ಪರಿಶಿಷ್ಟ ಪಂಗಡದವರಿಗೆ, ಮೂರು ತಲೆಮಾರು ಅಂದರೆ 75 ವರ್ಷ ಅಲ್ಲಿದ್ದ ಇತರರಿಗೆ ಅದು ಹಕ್ಕು ಕೊಡುತ್ತದೆ. ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ಹಕ್ಕು ಇತ್ಯರ್ಥವಾಗದೆ, ಗ್ರಾಮಸಭೆಯ ಒಪ್ಪಿಗೆ ಇಲ್ಲದೆ ಯಾರನ್ನೂ ಎಬ್ಬಿಸುವಂತಿಲ್ಲ. ಗಣಿ ನಿಂತಿದ್ದೂ ಅದೇ ಡಿಸೆಂಬರ್‌ನಲ್ಲಿ. ಗಣಿ ನಿಲ್ಲಿಸುವ ಆದೇಶ ಗಡುವಿಗೆ ಸರಿಯಾಗಿ ಜಾರಿಯಾಯಿತು. ಹಕ್ಕು ಕೊಡುವ ಕಾಯ್ದೆ ಮಾತ್ರ ಅರ್ಜಿ, ಸರ್ವೆ, ತಿರಸ್ಕಾರ, ಮೇಲ್ಮನವಿಗಳಲ್ಲಿ ತೆವಳುತ್ತಿದೆ. 75 ವರ್ಷದ ಹಿಂದಿನ ದಾಖಲೆ ತನ್ನಿ ಅಂದರೆ ಕಾಡಿನ ಒಂಟಿ ಮನೆಯವರು ಎಲ್ಲಿಂದ ತರಬೇಕು?

ಸಂಡೂರಿಗೆ ಇದರಿಂದೇನು?

ಕುದುರೆಮುಖ ಮುಚ್ಚಿದ ಮೇಲೆ ಕೆಐಒಸಿಎಲ್‌ಗೆ ಸ್ವಂತ ಗಣಿ ಇಲ್ಲ. ಮಂಗಳೂರಿನ ಪೆಲೆಟ್ ಘಟಕಕ್ಕೆ ಹೊರಗಿನಿಂದ ಅದಿರು ಕೊಳ್ಳಬೇಕು. ಹಾಗಾಗಿ ಅದರ ಕಣ್ಣು ಬಿದ್ದಿದ್ದು ಬಳ್ಳಾರಿ ಜಿಲ್ಲೆ ಸಂಡೂರಿನ ದೇವದಾರಿ ಬೆಟ್ಟದ ಮೇಲೆ. ಅಲ್ಲಿ ಬೇಕಿರುವುದು 401.57 ಹೆಕ್ಟೇರ್ ಅರಣ್ಯ, ಕಡಿಯಬೇಕಾದ ಮರಗಳು 99 ಸಾವಿರಕ್ಕೂ ಹೆಚ್ಚು. 2024ರ ಜೂನ್‌ನಲ್ಲಿ ಕೇಂದ್ರ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಈ ಯೋಜನೆಯ ಕಡತಕ್ಕೆ ಸಹಿ ಹಾಕಿದರು. ಕುದುರೆಮುಖದ ಬಾಕಿ ತೀರಿಸುವವರೆಗೆ ಅರಣ್ಯ ಭೂಮಿ ಹಸ್ತಾಂತರಿಸಬೇಡಿ ಎಂದು ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಅಧಿಕಾರಿಗಳಿಗೆ ಸೂಚಿಸಿದರು. ಚರ್ಚೆ ಕೂಡಲೇ ಕೇಂದ್ರ ಮತ್ತು ರಾಜ್ಯ, ಜೆಡಿಎಸ್ ಮತ್ತು ಕಾಂಗ್ರೆಸ್ ಜಗಳವಾಗಿ ತಿರುಗಿತು.

ಪಕ್ಷಗಳ ಜಗಳ ಬದಿಗಿಟ್ಟು ನೋಡಿದರೂ ಮೂಲ ಪ್ರಶ್ನೆ ಸರಿಯಾದದ್ದೇ. ಹಳೆಯ ಗಣಿಯ ಲೆಕ್ಕ ಒಪ್ಪಿಸದವರಿಗೆ ಹೊಸ ಬೆಟ್ಟ ಕೊಡಬೇಕೇ? ಸಂಡೂರು ಕೂಡ ಕುದುರೆಮುಖದಂತೆ ಬೆಟ್ಟಗಳ ನಡುವಿನ ಸಣ್ಣ ಊರು. ಅಲ್ಲೂ ಕಣಿವೆ, ಹಳೆಯ ಗುಡಿಗಳು, ಮಳೆಗಾಲದ ಹಸಿರು ನೋಡಲು ಜನ ಬರುತ್ತಾರೆ. ಅಲ್ಲಿನ ಜನ ಗಣಿಯಿಂದ ಕೂಲಿಯನ್ನೂ ಕಂಡಿದ್ದಾರೆ, ಕೆಂಪು ಧೂಳನ್ನೂ ಕುಡಿದಿದ್ದಾರೆ. ಇಂಥ ಕಡೆ ಉದ್ಯೋಗ ಬೇಕೋ ಪರಿಸರ ಬೇಕೋ ಅಂತ ಕೇಳುವುದೇ ಮೋಸ. ಗಣಿ ಮುಗಿದ ಮೇಲಿನ 50 ವರ್ಷ ಆ ಊರು ಹೇಗೆ ಬದುಕಬೇಕು, ಅದರ ಖರ್ಚು ಯಾರದು ಅಂತ ಮೊದಲೇ ಕೇಳಬೇಕು.

ಏನು ಕೇಳಬಹುದು?

ಲಕ್ಯಾ ಅಣೆಕಟ್ಟಿನ ಸುರಕ್ಷತಾ ತಪಾಸಣೆಯ ವರದಿಯನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಕನ್ನಡದಲ್ಲಿ, ಕೆಳಗಿನ ಗ್ರಾಮ ಪಂಚಾಯಿತಿಗಳ ಮುಂದೆ ಇಡಲಿ. ಅದರ ಕಾವಲಿಗೆ ಕಂಪನಿಯ ಹಣದಿಂದ ಪ್ರತ್ಯೇಕ ನಿಧಿ ಇರಲಿ. ಕಂಪನಿ ಇರಲಿ ಬಿಡಲಿ, ನಿಧಿ ಉಳಿಯಬೇಕು.

ಟ್ರೆಕಿಂಗ್ ಶುಲ್ಕದ ಒಂದು ಪಾಲು ನೇರವಾಗಿ ಆ ಹಾದಿಯ ಗ್ರಾಮಸಭೆಗಳಿಗೆ ಹೋಗಲಿ. ಗೈಡ್, ಜೀಪು, ಹೋಮ್‌ಸ್ಟೇ ಕೆಲಸದಲ್ಲಿ ಮೊದಲ ಅವಕಾಶ ಕಾಡಂಚಿನ ಮನೆಗಳದ್ದಾಗಲಿ. ಖಾಲಿ ಟೌನ್‌ಶಿಪ್ ರೆಸಾರ್ಟಿನವರ ಕೈಗೆ ಹೋಗುವ ಬದಲು ಒಂದೆರಡು ಕಟ್ಟಡಗಳಲ್ಲಾದರೂ ಈ ಗಣಿಯ, ಅಲ್ಲಿ ದುಡಿದವರ, ಅದನ್ನು ವಿರೋಧಿಸಿದವರ ಕಥೆ ಹೇಳುವ ಜಾಗವೊಂದು ಇರಲಿ. ಎಲ್ಲಕ್ಕಿಂತ ಮೊದಲು ಬಾಕಿ ಇರುವ ಅರಣ್ಯ ಹಕ್ಕು ಅರ್ಜಿಗಳು ಗ್ರಾಮಸಭೆಯಲ್ಲಿ ಇತ್ಯರ್ಥವಾಗಲಿ.

ಹಾಗಾದರೆ ಕುದುರೆಮುಖಕ್ಕೆ ಹೋಗಬಾರದಾ? ಖಂಡಿತ ಹೋಗಿ. ಬುಕ್ ಮಾಡಿ, ಪ್ಲಾಸ್ಟಿಕ್ ಒಯ್ಯದೆ, ದಾರಿ ಬಿಟ್ಟು ಅಡ್ಡ ನಡೆಯದೆ ಹತ್ತಿ. ರಾತ್ರಿ ಉಳಿದ ಮನೆಯಲ್ಲಿ ಗಂಜಿ ಊಟ ಬಡಿಸುವ ಅಮ್ಮನನ್ನು ಮಾತಾಡಿಸಿ. ಈ ಮನೆ, ತೋಟ ನಿಮ್ಮ ಹೆಸರಿನಲ್ಲಿದೆಯಾ, ಹಕ್ಕುಪತ್ರ ಬಂತಾ ಅಂತ ಕೇಳಿ. ಅವರು ಹೇಳುವ ಉತ್ತರವನ್ನು ನಿಮ್ಮ ರೀಲ್‌ನ ಕ್ಯಾಪ್ಷನ್ನಿನಲ್ಲಿ, ಅವರ ಹೆಸರು ಬಿಟ್ಟು, ಒಂದು ಸಾಲು ಬರೆಯಿರಿ.